ಆಶಾ ಮೇಡಂ ಬಲಗಾಲು ಎತ್ತಿದ್ದು

ಹೊಸನಗರದಲ್ಲಿ ಆಶಾ ಮೇಡಂ ಅವರನ್ನು ಅರಿಯದವರು ಇದ್ದಾರು, ಅವರ ಬಲಗಾಲನ್ನು ಅರಿಯದವರು ಕಡಿಮೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕು, ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿ ಇನ್ನೊಂದು ಬ್ರೇಕು ಇರುತ್ತದಲ್ಲ, ಆ ಎರಡನೆಯದು ಆಶಾ ಅವರ ಆಸ್ತಿ. ಹದಿನಾಲ್ಕು ವರ್ಷದಿಂದ ಊರಿನ ಅರ್ಧ ಜನರ ಜೀವ ಆ ಪೆಡಲ್ಲಿನಿಂದಲೇ ಉಳಿದಿದೆ ಎಂದು ಅವರು ಮನಸಾರೆ ನಂಬಿದ್ದರು. ಅವರ ಹಳೆಯ ಆಲ್ಟೊ ಕಾರಿನಲ್ಲಿ ಎಡಬದಿಯ ಬ್ರೇಕಿನ ರಬ್ಬರನ್ನು ಇದುವರೆಗೆ ಐದು ಸಲ ಬದಲಾಯಿಸಿದ್ದಾರೆ. ಬಲಬದಿಯದು, ಅಂದರೆ ಕಲಿಯುವವರ ಕಡೆಯದು, ಕಾರು ಕೊಂಡಾಗ ಹೇಗಿತ್ತೋ ಹಾಗೇ ಇದೆ. ಇದರಲ್ಲಿ ಯೋಚನೆ ಮಾಡಬೇಕಾದ ವಿಷಯ ಏನೋ ಇದೆ ಎಂದು ಅಷ್ಟು ವರ್ಷದಲ್ಲಿ ಅವರಿಗೆ ಒಂದು ದಿನವೂ ಹೊಳೆದಿರಲಿಲ್ಲ.

ಆ ಕಾಲಿಗೆ ರಜೆಯೆಂಬುದಿಲ್ಲ. ಶಿವಮೊಗ್ಗದ ಬಸ್ಸಿನಲ್ಲಿ ಕೂತರೆ ತಿರುವು ಬಂದಾಗಲೆಲ್ಲ ಮುಂದಿನ ಸೀಟಿನ ಕೆಳಗಿನ ತಗಡನ್ನು ಒತ್ತುತ್ತದೆ. ಟಿವಿಯಲ್ಲಿ ಯಾರಾದರೂ ಬೈಕನ್ನು ಜೋರಾಗಿ ಓಡಿಸಿದರೆ ಮನೆಯ ಚಾಪೆ ಸುಕ್ಕಾಗುತ್ತದೆ. ಹೀಗಿರುವಾಗ ಓಡುವ ಗಾಡಿಯಲ್ಲಿ ನಿದ್ದೆ ದೂರದ ಮಾತು. ಮದುವೆಯಾದ ಹೊಸತರಲ್ಲಿ ಗಂಡನ ಹೆಗಲಿಗೆ ಒರಗಿ ಸಾಗರದವರೆಗೆ ಒಂದು ಸಲ ಮಲಗಿದ್ದರಂತೆ. ಡ್ರೈವಿಂಗ್ ಸ್ಕೂಲು ತೆರೆದ ಮೇಲೆ ಗಾಡಿಯಲ್ಲಿ ಅವರ ಕಣ್ಣು ಮುಚ್ಚಿದ್ದನ್ನು ಕಂಡವರಿಲ್ಲ.

ಇಂಥ ಕಾಲಿಗೆ ಕೆಟ್ಟ ಹೆಸರು ಬಂದದ್ದು ಕೆರಿಯಮ್ಮನಿಂದ.

ಕೆರಿಯಮ್ಮನಿಗೆ ಐವತ್ತೇಳು ವರ್ಷ. ನಗರ ಎಂಬ ಊರಿನ ಕಡೆಯ ಒಂದು ಹಳ್ಳಿಯವರು. ಎಳೆ ಮಾವಿನ ಅಪ್ಪೆಮಿಡಿ ಉಪ್ಪಿನಕಾಯಿ ಹಾಕುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಸಾಗರದ ನಾಲ್ಕು ಅಂಗಡಿ, ತೀರ್ಥಹಳ್ಳಿಯ ಐದು ಅಂಗಡಿಗಳಲ್ಲಿ ಅವರ ಬಾಟಲಿ ಇಟ್ಟ ವಾರದಲ್ಲೇ ಖಾಲಿ. ಬಾಟಲಿ ಸಾಗಿಸಲು ಬಾಡಿಗೆ ಗಾಡಿಯವರನ್ನು ಕಾಯುವುದರಲ್ಲಿ ಅವರ ಅರ್ಧ ಆಯುಷ್ಯ ಕಳೆಯಿತು. ಕಳೆದ ವರ್ಷ ರೋಸಿಹೋಗಿ, ಯಾರನ್ನೂ ಕೇಳದೆ, ಒಂದು ಹಳೆಯ ಬಿಳಿ ಓಮ್ನಿ ಕೊಂಡು ಅಂಗಳಕ್ಕೆ ತಂದು ನಿಲ್ಲಿಸಿಬಿಟ್ಟರು. ಓಡಿಸುವುದನ್ನು ಆಮೇಲೆ ಕಲಿತರಾಯಿತು ಎಂಬುದು ಅವರ ಲೆಕ್ಕ. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಸರಿ ಮಾಡಿಕೊಂಡು, ಆಶಾ ಮೇಡಂ ಕಾರಿನಲ್ಲಿ ಮೊದಲ ದಿನ ಕೂತಾಗ ಕೇಳಿದ್ದು ಒಂದೇ ಪ್ರಶ್ನೆ: "ಬ್ರೇಕು ಹಾಕಿದ್ರೆ ಹಿಂದಿರೋ ಬಾಟ್ಲಿ ಮುಂದೆ ಬರಬಾರದು. ಅದನ್ನ ಹೇಳ್ಕೊಡಿ ಸಾಕು."

ಹೇಳಿಕೊಟ್ಟಿದ್ದು ಮೂರು ತಿಂಗಳು. ಲೈಸೆನ್ಸ್ ಪರೀಕ್ಷೆಗೆ ಸಾಗರಕ್ಕೆ ಹೋದದ್ದು ಎರಡು ಸಲ. ಮೊದಲ ಸಲ ಹಿಂದಿನ ಸೀಟಿನಲ್ಲಿದ್ದ ಇನ್‌ಸ್ಪೆಕ್ಟರು ಆಶಾ ಅವರ ಕಾಲು ಪೆಡಲ್ಲಿನ ಮೇಲಿದ್ದದ್ದನ್ನು ಕಂಡು ಫೇಲ್ ಎಂದರು. ಎರಡನೇ ಸಲ ಅವರೇ ಮುಂದೆ ಕೂತು ಆಶಾ ಅವರನ್ನು ಹಿಂದಕ್ಕೆ ಕಳಿಸಿದರು. ಇಳಿಜಾರಿನಲ್ಲಿ ನಿಲ್ಲಿಸಿ ಎಂದದ್ದೇ ತಡ, ಕೆರಿಯಮ್ಮ ಬ್ರೇಕಿನ ಮೇಲೆ ಎರಡೂ ಕಾಲು ಹಾಕಿ ಕೂತುಬಿಟ್ಟರು. ಇನ್‌ಸ್ಪೆಕ್ಟರ ಟೋಪಿ ಡ್ಯಾಶ್‌ಬೋರ್ಡಿಗೆ ಬಿತ್ತು, ಕಾರು ಕೆಮ್ಮಿ ಆಫಾಯಿತು. ಮತ್ತೆ ಫೇಲ್.

ಕೆರಿಯಮ್ಮನ ಯಜಮಾನರು ಜಯಪ್ಪ, ಮಾತು ಕಡಿಮೆ. ಅವತ್ತು ಮಾತ್ರ ಆಡಿದರು. ಆನಂದಪುರದವರೊಬ್ಬರು ಓಮ್ನಿಯನ್ನು ಕೇಳುತ್ತಿದ್ದಾರೆ, ಮೂರನೇ ಸಲವೂ ಆಗದಿದ್ದರೆ ಕೊಟ್ಟುಬಿಡುವುದು. ಕೆರಿಯಮ್ಮ ಹೂಂ ಎಂದರು. ಹೂಂ ಎಂದದ್ದನ್ನು ಹಿಂದೆ ತೆಗೆದುಕೊಳ್ಳುವ ಹೆಂಗಸು ಅವರಲ್ಲ. ಮೂರನೇ ಪರೀಕ್ಷೆಗೆ ಒಂದು ತಿಂಗಳಿತ್ತು.

"ಮೇಡಂ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕಬೇಡಿ," ಎಂದರು ಮರುದಿನ ಕಾರಿನಲ್ಲಿ. "ನಂಗೆ ಬ್ರೇಕ್ ಹಾಕಕ್ಕೆ ಬರಲ್ಲ ಅಂತಲ್ಲ. ನನ್ನ ಕಾಲು ಅಲ್ಲಿಗೆ ಹೋಗೋದ್ರೊಳಗೆ ಗಾಡಿ ನಿಂತಿರ್ತದೆ. ನಾನು ಯಾವಾಗ ಕಲೀಲಿ?"

"ನಾನು ಒತ್ತೋದು ಅಪಾಯ ಇದ್ದಾಗ ಮಾತ್ರ ಕೆರಿಯಮ್ಮ."

"ಹೌದಾ," ಎಂದು ಕೆರಿಯಮ್ಮ ರಸ್ತೆ ನೋಡುತ್ತ ಹೇಳಿದರು. "ಹಂಗಾದ್ರೆ ನಮ್ಮೂರಲ್ಲಿ ಅಪಾಯ ಭಾಳ ಅದೆ ಬಿಡಿ."

ಆಶಾ ಅವರಿಗೆ ಸಿಟ್ಟು ಬಂತು. ನಿಜವಾದ ಮಾತಿಗೆ ಬರುವ ಸಿಟ್ಟು ಬೇರೆಯೇ ಬಗೆಯದು, ಅದನ್ನು ಯಾರ ಮೇಲೆ ಹಾಕುವುದೆಂದು ತಿಳಿಯುವುದಿಲ್ಲ. ಸಂಜೆ ಅದನ್ನು ಗಂಡನ ಮೇಲೆ ಹಾಕಲು ನೇರ ಅವರ ಅಂಗಡಿಗೆ ಹೋದರು.

ಗಂಡ ದಿನೇಶ್ ಡ್ರೈವಿಂಗ್ ಸ್ಕೂಲಿನ ಪಕ್ಕದಲ್ಲೇ ಜೆರಾಕ್ಸ್ ಮತ್ತು ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾರೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವರದೊಂದು ಫೈಟರ್ ಜೆಟ್ ಇದೆ. ಗುಜರಿಗೆ ಹೋದ ಜೀಪಿನ ಸೀಟು, ಎದುರಿಗೆ ವಿಮಾನ ಹಾರಿಸುವ ಕಂಪ್ಯೂಟರ್ ಆಟ ತೋರಿಸುವ ಮೂರು ಹಳೆಯ ಮಾನಿಟರು, ಕೈಗೆ ಒಂದು ಕೋಲು, ಕಾಲಿಗೆ ತಾವೇ ಬೆಸುಗೆ ಹಾಕಿಸಿದ ಎರಡು ಪೆಡಲು. ಅದರಲ್ಲಿ ಕೂತು ಯುದ್ಧಗಿದ್ಧ ಮಾಡುವವರಲ್ಲ ಅವರು. ಬಾಂಬು ಹಾಕುವುದರಲ್ಲಿ ಆಸಕ್ತಿಯಿಲ್ಲ, ಹಾರುವುದರಲ್ಲೂ ಅಷ್ಟಕ್ಕಷ್ಟೆ. ಇಳಿಸುವುದೊಂದೇ ಹುಚ್ಚು. ಇಳಿಸುತ್ತಾರೆ, ನಿಲ್ಲಿಸುತ್ತಾರೆ, ಎಲ್ಲೋ ಇರುವ ಇನ್ನೂ ಹತ್ತು ಹುಚ್ಚರಿಗೆ ಅದರ ವಿಡಿಯೋ ಕಳಿಸುತ್ತಾರೆ, ಅವರು ಬ್ರೇಕಿನ ಬಗ್ಗೆ ತಕರಾರು ಮಾಡುತ್ತಾರೆ, ಇವರು ಮತ್ತೆ ಇಳಿಸುತ್ತಾರೆ. ಇಂಥ ಮನುಷ್ಯ ಕಾರು ಮಾತ್ರ ಕಲಿಯಲಿಲ್ಲ. ಹೆಂಡತಿ ಪಕ್ಕದಲ್ಲಿ ಕೂತು ಕಲಿಸಲು ಹೋಗಿ ಎರಡೇ ದಿನಕ್ಕೆ ಬಿಟ್ಟರು, ಕಾರಣವನ್ನು ಇಬ್ಬರೂ ಹೇಳುವುದಿಲ್ಲ.

ಆಶಾ ಕೆರಿಯಮ್ಮನ ಮಾತನ್ನು ಹೇಳಿಕೊಂಡರು. ದಿನೇಶ್ ನಗು ತಡೆದುಕೊಂಡು ಎದ್ದು ಸೀಟು ತೋರಿಸಿದರು.

"ಕೂತ್ಕೋ. ಒಂದು ಸಲ ಇಳಿಸು. ನಿನ್ನ ಕಾಲೇ ಹೇಳ್ತದೆ."

"ಹದಿನಾಲ್ಕು ವರ್ಷದಿಂದ ಬ್ರೇಕ್ ಹೇಳ್ಕೊಡ್ತಾ ಇದ್ದೀನಿ. ನಂಗೆ ನೀವು ಬ್ರೇಕ್ ಕಲಿಸ್ತೀರಾ?"

"ಇಲ್ಲ ಮಾರಾಯ್ತಿ. ಬ್ರೇಕ್ ಹಾಕದೆ ಇರೋದು ಕಲಿಸ್ತೀನಿ."

ದಿನೇಶ್ ಪಾಠ ಶುರುಮಾಡಿದರು. ವಿಮಾನ ನೆಲ ಮುಟ್ಟುವಾಗ ಇನ್ನೂರ ಅರವತ್ತು ಕಿಲೋಮೀಟರ್ ವೇಗದಲ್ಲಿರುತ್ತದೆ. ಮೊದಲು ಮುಟ್ಟುವುದು ಹಿಂದಿನ ಎರಡು ಚಕ್ರ. ಆಗ ಮುಂದಿನ ಚಕ್ರವನ್ನು ಕೆಳಗೆ ಬಿಡಬಾರದು, ಕೋಲನ್ನು ಹಿಂದಕ್ಕೆ ಹಿಡಿದು ಮೂತಿಯನ್ನು ಎತ್ತಿಯೇ ಇಟ್ಟುಕೊಳ್ಳಬೇಕು.

"ಎದುರುಗಾಳಿಗೆ ಕೊಡೆ ಬಿಚ್ಚಿ ನಡೆದಿದ್ದೀಯಲ್ಲ, ಮುಂದೆ ಹೋಗಕ್ಕೆ ಬಿಡ್ತದಾ? ಇದೂ ಹಂಗೇ. ಹೊಟ್ಟೆ, ರೆಕ್ಕೆ ಎಲ್ಲ ಗಾಳಿಗೆ ಅಡ್ಡ ನಿಲ್ತದೆ, ಗಾಳಿಯೇ ಅದನ್ನ ಹಿಡೀತದೆ. ನೂರೆಂಬತ್ತಕ್ಕೆ ಇಳಿದ ಮೇಲೆ ಮೂತಿ ತಾನಾಗೇ ಕೆಳಗೆ ಬರ್ತದೆ. ಆಮೇಲೆ ಕಾಲು. ಅದೂ ಮೆತ್ತಗೆ, ಒಂದೇ ಸಮ. ಒತ್ತೋದು ಬಿಡೋದು, ಒತ್ತೋದು ಬಿಡೋದು ಮಾಡಬಾರದು."

"ಅಲ್ಲೀವರೆಗೆ?"

"ಅಲ್ಲೀವರೆಗೆ ಕಾಲಿಗೆ ಕೆಲಸ ಇಲ್ಲ."

ಆಶಾ ಇಳಿಸಿದರು. ಕೋಲು ಹಿಡಿಯುವುದು ಅವರಿಗೆ ಕಷ್ಟವಾಗಲಿಲ್ಲ, ಹಿಡಿತದ ಕೈ ಅದು. ರನ್‌ವೇ ನೇರ ಎದುರಿಗೆ ಬಂತು, ಚಕ್ರ ನೆಲ ಮುಟ್ಟಿತು, ಮುಟ್ಟಿದ ಕ್ಷಣದಲ್ಲೇ ಎರಡೂ ಟೈರು ಒಡೆದು ವಿಮಾನ ಅಡ್ಡಡ್ಡ ಜಾರಿ ಹುಲ್ಲಿಗೆ ಹೋಯಿತು. ಮತ್ತೊಮ್ಮೆ ಇಳಿಸಿದರು, ಮತ್ತೆ ಟೈರು. ಐದು ಸಲ ಇಳಿಸಿ ಹತ್ತು ಟೈರು ಕಳೆದರು.

"ನಿಮ್ಮ ಪೆಡಲ್ ಸರಿ ಇಲ್ಲ. ನಾನು ಬ್ರೇಕ್ ಮುಟ್ಟೇ ಇಲ್ಲ."

ದಿನೇಶ್ ಕಪಾಟಿನ ಮೇಲಿನ ಚೀಲದಿಂದ ಒಂದು ಹಳದಿ ರಬ್ಬರ್ ಬಾತುಕೋಳಿ ತೆಗೆದರು. ಮಗಳು ಶ್ರಾವ್ಯಾ ಹಲ್ಲು ಬರುವ ಕಾಲದಲ್ಲಿ ಕಚ್ಚುತ್ತಿದ್ದದ್ದು, ಅವಳೀಗ ಪಿಯುಸಿ. ಅಮುಕಿದರೆ ಇನ್ನೂ ಕೀಂ ಎನ್ನುತ್ತಿತ್ತು. ಅದನ್ನು ಬ್ರೇಕಿನ ಪೆಡಲ್ಲಿನ ಅಡಿ ಸಿಕ್ಕಿಸಿ, ಈಗ ಇಳಿಸು ಎಂದರು.

ವಿಮಾನ ಇನ್ನೂ ಆಕಾಶದಲ್ಲಿತ್ತು. ರನ್‌ವೇ ದೂರದಲ್ಲಿ ಬಿಳಿ ಗೆರೆಯ ಹಾಗೆ ಕಂಡಿತಷ್ಟೆ. ಕೀಂ.

ಆಶಾ ಕಾಲನ್ನು ನೋಡಿಕೊಂಡರು. ಅದು ಪೆಡಲ್ಲಿನ ಮೇಲೆ ಭದ್ರವಾಗಿ ಕೂತಿತ್ತು, ಅವರು ಕಳಿಸದೆಯೇ ಹೋಗಿ ಕೂತಿತ್ತು. ಎಳೆದುಕೊಂಡರು. ನೆಲ ಹತ್ತಿರ ಬರುವಷ್ಟರಲ್ಲಿ ಮತ್ತೆ ಕೀಂ, ಕೀಂ, ಚಕ್ರ ಮುಟ್ಟುವಾಗ ಕೀಂಂಂ ಎಂದು ಉದ್ದಕ್ಕೆ. ದಿನೇಶ್ ಈ ಸಲ ನಗು ತಡೆಯಲಿಲ್ಲ, ಜೆರಾಕ್ಸ್ ಮಾಡಿಸಲು ಬಂದಿದ್ದ ಇಬ್ಬರು ಬಾಗಿಲಲ್ಲಿ ನಿಂತು ನಕ್ಕರು. ಆಶಾ ನಗಲಿಲ್ಲ. ಬಾತುಕೋಳಿಯನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡು ಮನೆಗೆ ಹೋದರು.

ಮರುದಿನ ಬೆಳಿಗ್ಗೆ ಅದು ಆಲ್ಟೊ ಕಾರಿನ ಎಡಬದಿಯ ಬ್ರೇಕಿನ ಅಡಿ ಇತ್ತು. ಅದು ಏನು, ಏಕೆ ಎಂದು ಆಶಾ ಕೆರಿಯಮ್ಮನಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. ಮನಸ್ಸಿನಲ್ಲಿ ಮಾತ್ರ ಇನ್ನೂ ಒಂದು ಆಸೆ ಇತ್ತು: ವಿಮಾನದ್ದು ಹೊಸತು, ಗಾಬರಿ, ಅದಕ್ಕೇ ಕಾಲು ಹೋಯಿತು, ಕಾರಿನಲ್ಲಿ ಎರಡೋ ಮೂರೋ ಸಲ ಕೂಗೀತು. ಬಸ್‌ಸ್ಟ್ಯಾಂಡ್ ದಾಟುವಷ್ಟರಲ್ಲಿ ಹನ್ನೊಂದಾಯಿತು. ಎದುರಿಗೆ ಬಂದ ಸೈಕಲ್ಲಿಗೆ ಕೂಗಿತು, ಬದಿಯಲ್ಲಿ ಮಲಗಿದ್ದ ನಾಯಿಗೆ ಕೂಗಿತು, ಏನೂ ಇಲ್ಲದ ನೆಟ್ಟಗಿನ ರಸ್ತೆಗೂ ಕೂಗಿತು. ಕೆರಿಯಮ್ಮ ಸ್ಟೀರಿಂಗು ಹಿಡಿದುಕೊಂಡೇ, ಮಿಡಿ ಎಣಿಸುವ ಹಾಗೆ, ಬಾಯಲ್ಲೇ ಎಣಿಸುತ್ತ ಹೋದರು. ಊರು ಸುತ್ತಿ ಬಂದು ನಿಂತಾಗ ಅರವತ್ತೆರಡು.

"ಅರವತ್ತೆರಡು ಅಪಾಯ," ಎಂದರು ಕೆರಿಯಮ್ಮ.

ಆಶಾ ಅವರಿಗೆ ನಾಚಿಕೆಯಾಯಿತು, ಮೈ ಬಿಸಿಯಾಗುವಷ್ಟು. ತಾನು ಕಲಿಸಿದ ನೂರಾರು ಜನ ಕಣ್ಮುಂದೆ ಬಂದರು. ಅವರೆಲ್ಲ ತನ್ನ ಕಾರಿನಿಂದ ಇಳಿದು ಹೋದ ಮೇಲೆ, ಎಲ್ಲೋ ಯಾವುದೋ ಇಳಿಜಾರಿನಲ್ಲಿ, ಒಬ್ಬೊಬ್ಬರೇ ಬ್ರೇಕು ಕಲಿತಿರಬೇಕು. ಅವರ ಪುಣ್ಯ, ಕಲಿತಿದ್ದರು. ಕಣ್ಣಲ್ಲಿ ನೀರು ಬಂತು, ಅಷ್ಟರಲ್ಲಿ ಕೆರಿಯಮ್ಮ ಬಗ್ಗಿ ಆ ಬಾತುಕೋಳಿಯ ತಲೆ ಸವರಿ, "ಪಾಪ, ಇದಕ್ಕೆ ಸಾಕಾಗಿ ಹೋಗಿರಬೇಕು," ಎಂದರು. ಇಬ್ಬರೂ ನಗಲು ಶುರುಮಾಡಿದವರು ನಿಲ್ಲಿಸಲಾರದೆ ಕೂತರು. ಕಾರು ನಿಂತಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಅಲ್ಲಿಂದ ಆ ತಿಂಗಳು ಹೇಗೆ ಹೋಯಿತೆಂದರೆ, ಬೆಳಿಗ್ಗೆ ಕೆರಿಯಮ್ಮ ಕಲಿಯುವುದು, ಸಂಜೆ ಆಶಾ ಕಲಿಯುವುದು. ಬಾತುಕೋಳಿ ಎರಡೂ ಕಡೆ ಹಾಜರು. ಸಂಜೆ ಆರಕ್ಕೆ ಅಂಗಡಿಯ ಹಿಂದೆ ವಿಮಾನ ಹತ್ತುವುದು, ಚಕ್ರ ಮುಟ್ಟುವುದು, ಆಮೇಲೆ ಹನ್ನೆರಡು ಸೆಕೆಂಡು ಏನೂ ಮಾಡದೆ ಇರುವುದು. ಆ ಹನ್ನೆರಡು ಸೆಕೆಂಡಿನಷ್ಟು ಉದ್ದದ ಹೊತ್ತನ್ನು ಆಶಾ ಹೆರಿಗೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. ಮೂತಿ ಮೇಲಿದ್ದರೆ ಎದುರಿನ ರಸ್ತೆಯೇ ಕಾಣುವುದಿಲ್ಲ, ಬರೀ ಆಕಾಶ. ರನ್‌ವೇ ಮುಗಿಯುತ್ತಿದೆ ಎಂದು ಮೈಯ ಒಂದೊಂದು ಮೂಳೆಯೂ ಕೂಗುತ್ತದೆ, ದಿನೇಶ್ ಮಾತ್ರ ಹಿಂದೆ ನಿಂತು ವೇಗ ಓದುತ್ತಿರುತ್ತಾರೆ: ಇನ್ನೂರ ನಲವತ್ತು, ಇನ್ನೂರ ಇಪ್ಪತ್ತು, ಗಾಳಿಗೆ ಬಿಡು, ಇನ್ನೂರು, ಗಾಳಿಗೆ ಬಿಡು. ಗಂಡನಿಗೆ ಇಷ್ಟು ತಾಳ್ಮೆ ಇದೆ ಎಂಬುದು ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವರಿಗೆ ಗೊತ್ತೇ ಆಗಿರಲಿಲ್ಲ. ಕಾರು ಕಲಿಸುವಾಗ ತಾನು ಅವರ ಹತ್ತಿರ ಹೇಗೆ ನಡೆದುಕೊಂಡಿದ್ದೆ ಎಂಬುದೂ ನೆನಪಾಯಿತು.

ಮೂರನೇ ವಾರದ ಒಂದು ಸಂಜೆ ಬಾತುಕೋಳಿ ಆಕಾಶದಲ್ಲೂ ಕೂಗಲಿಲ್ಲ, ನೆಲ ಮುಟ್ಟಿದಾಗಲೂ ಕೂಗಲಿಲ್ಲ. ನೂರೆಂಬತ್ತಕ್ಕೆ ಮೂತಿ ತಾನಾಗಿ ತಗ್ಗಿತು, ರನ್‌ವೇ ಕಾಣಿಸಿತು, ಇನ್ನೂ ಬೇಕಾದಷ್ಟು ಉಳಿದಿತ್ತು. ಆಗ ಆಶಾ ಮೆತ್ತಗೆ ಕಾಲಿಟ್ಟರು, ಕೀಂ ಎಂದದ್ದು ಎಷ್ಟು ಸಣ್ಣಗೆ ಎಂದರೆ ಅದು ಹಿತವಾಗಿತ್ತು. ವಿಮಾನ ಹೋಗಿ ಹೋಗಿ ನಿಂತಿತು. ತಿರುಗಿ ನೋಡಿದರೆ ದಿನೇಶ್ ಸೀಟನ್ನು ಎರಡೂ ಕೈಯಲ್ಲಿ ಹಿಡಿದು, ತಮ್ಮ ಬಲಗಾಲನ್ನು ನೆಲಕ್ಕೆ ಗಟ್ಟಿಯಾಗಿ ಒತ್ತಿ ನಿಂತಿದ್ದರು.

"ಕಾಲು ತೆಗೀರಿ, ನಿಂತದೆ," ಎಂದರು ಆಶಾ.

ಬೆಳಗಿನ ಪಾಠವೂ ಬದಲಾಯಿತು. ಕೆರಿಯಮ್ಮ ಒಂದು ಸಣ್ಣ ಭರಣಿಯ ತುಂಬ ಉಪ್ಪುನೀರು ತಂದು, ಮುಚ್ಚಳದ ಬದಲು ಬಾಯಿಗೆ ಬರೀ ಒಂದು ಬಿಳಿ ಬಟ್ಟೆ ಕಟ್ಟಿ, ಹಿಂದಿನ ಸೀಟಿನಲ್ಲಿ ಕೂರಿಸತೊಡಗಿದರು. ಬಟ್ಟೆ ಒದ್ದೆಯಾದರೆ ಅವತ್ತಿನ ಪಾಠ ಫೇಲ್. ಮೊದಲ ಮೂರು ದಿನ ಬಟ್ಟೆಯೇನು, ಸೀಟೇ ಉಪ್ಪಾಯಿತು. ದೂರದಿಂದಲೇ ಆಕ್ಸಿಲರೇಟರು ಬಿಡುವುದು, ಗೇರು ಇಳಿಸಿ ಎಂಜಿನ್ನೇ ಕಾರನ್ನು ಹಿಡಿಯಲು ಬಿಡುವುದು, ಕೊನೆಗೆ ಕಾಲು. ಆಶಾ ಇದನ್ನು ಮೊದಲೂ ಬಾಯಲ್ಲಿ ಹೇಳಿದ್ದರು. ಕೆರಿಯಮ್ಮನಿಗೆ ಮಾಡಿ ನೋಡುವ ಪುರಸೊತ್ತು ಸಿಕ್ಕಿದ್ದು ಈಗ. ಅರವತ್ತೆರಡು ನಲವತ್ತಾಯಿತು, ಹದಿನೈದಾಯಿತು, ನಾಲ್ಕಾಯಿತು. ಆ ನಾಲ್ಕರಲ್ಲಿ ಒಂದು ನಿಜವಾಗಿಯೂ ಅಪಾಯ, ಒಂದು ಎಮ್ಮೆ ಅಡ್ಡ ಬಂದಿತ್ತು. ಅದೊಂದನ್ನು ಕೆರಿಯಮ್ಮ ಲೆಕ್ಕದಿಂದ ಬಿಟ್ಟರು.

ಪರೀಕ್ಷೆಯ ದಿನ ಸಾಗರದ ಮೈದಾನದಲ್ಲಿ ಇನ್‌ಸ್ಪೆಕ್ಟರು ಆಶಾ ಅವರನ್ನು ಕಂಡದ್ದೇ ಹಿಂದಿನ ಬಾಗಿಲು ತೆಗೆದರು. ಕೆರಿಯಮ್ಮ ಅಡ್ಡ ಬಂದರು.

"ಸಾರ್, ಮೇಡಂ ಪಕ್ಕದಲ್ಲೇ ಕೂರ್ಲಿ."

"ಎಂತಕ್ಕೆ? ಅವ್ರು ಒತ್ತಲಿ ಅಂತಾನ?"

"ಅಲ್ಲ ಸಾರ್. ಒತ್ತಲಿಲ್ಲ ಅನ್ನೋದು ನಂಗೆ ಕೇಳ್ಬೇಕು."

ಇನ್‌ಸ್ಪೆಕ್ಟರಿಗೆ ಅರ್ಥವಾಗಲಿಲ್ಲ. ಆಶಾ ಬಾತುಕೋಳಿಯನ್ನು ತೋರಿಸಿ, ತಲೆ ತಗ್ಗಿಸಿ, ಅರವತ್ತೆರಡರ ಕತೆಯನ್ನೂ ಹೇಳಿದರು. ಅವರು ಬಗ್ಗಿ, ಬೆರಳಿನಿಂದ ಪೆಡಲ್ ಒತ್ತಿ, ಒಂದು ಸಲ ಕೂಗಿಸಿ ಪರೀಕ್ಷೆ ಮಾಡಿದರು. ಮುಖ ಬಿಗಿ ಹಿಡಿಯಲು ಬಹಳ ಕಷ್ಟಪಟ್ಟು ಹೇಳಿದರು: "ಆಯ್ತು, ಕೂತ್ಕಳಿ. ಒಂದು ಸಲ ಕೂಗಿದ್ರೂ ಫೇಲ್."

ಮೈದಾನದಲ್ಲಿ ಎಂಟರ ಆಕಾರದ ಸುತ್ತು, ರಿವರ್ಸು ಎಲ್ಲ ಮುಗಿಯಿತು. ಕಾರು ವರದಹಳ್ಳಿ ರಸ್ತೆಗೆ ಹೊರಟಿತು. ಇಳಿಜಾರಿನ ಕೆಳಗೆ, ಆಶ್ರಮಕ್ಕೆ ಹೊರಟಿದ್ದ ಮಿನಿ ಬಸ್ಸೊಂದು ನಿಂತಿತ್ತು, ಜನ ಇಳಿಯುತ್ತಿದ್ದರು. ಯಾರದೋ ಚೀಲದ ಬಾಯಿ ಬಿಚ್ಚಿ ಏಳೆಂಟು ತೆಂಗಿನಕಾಯಿ ರಸ್ತೆಯ ಮೇಲೆ ಉರುಳಿದವು, ಅವುಗಳ ಹಿಂದೆ ಒಬ್ಬ ಅಜ್ಜಿ ಸೀರೆ ಎತ್ತಿಕೊಂಡು ಓಡಿಬಂದರು.

ಆಶಾ ಅವರ ಕಾಲು ಹೊರಟಿತು. ಚಪ್ಪಲಿ ಬಿಟ್ಟು ಕೂತಿದ್ದರು, ಅಂಗಾಲಿಗೆ ಪೆಡಲ್ಲಿನ ತಣ್ಣಗಿನ ರಬ್ಬರು ತಾಗಿತು. ಇನ್ನೊಂದು ಕೂದಲೆಳೆಯಷ್ಟು ಒತ್ತಿದ್ದರೆ ಓಮ್ನಿ ಆನಂದಪುರಕ್ಕೆ ಹೋಗುತ್ತಿತ್ತು. ಅವರು ಅಜ್ಜಿಯನ್ನು ನೋಡಿದರು, ಅಜ್ಜಿಗೂ ಕಾರಿಗೂ ನಡುವಿನ ರಸ್ತೆಯನ್ನು ನೋಡಿದರು. ಜಾಗ ಇದೆ, ಬೇಕಾದಷ್ಟಿದೆ. ಪಕ್ಕದಲ್ಲಿ ಕೆರಿಯಮ್ಮನ ಪಾದ ಆಗಲೇ ಆಕ್ಸಿಲರೇಟರಿನಿಂದ ಎದ್ದಿತ್ತು. ಗಾಳಿಗೆ ಬಿಡು, ಎಂದುಕೊಂಡು ಆಶಾ ಕಾಲನ್ನು ಎತ್ತಿ ಸೀಟಿನ ಅಡಿಗೆ ಎಳೆದುಕೊಂಡರು.

ಗೇರು ಇಳಿಯಿತು, ಎಂಜಿನ್ನು ಗುಂಯ್ ಎಂದು ಕಾರನ್ನು ಹಿಡಿಯಿತು. ಆಮೇಲೆ ಬ್ರೇಕು, ಮೆತ್ತಗೆ, ಒಂದೇ ಸಮ. ಮೊದಲ ತೆಂಗಿನಕಾಯಿಯಿಂದ ನಾಲ್ಕು ಮಾರು ದೂರದಲ್ಲಿ ಕಾರು ನಿಂತಿತು. ಒಳಗೆ ಒಂದು ಸದ್ದಿಲ್ಲ. ಅಜ್ಜಿ ಕಾಯಿಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಂಡು, ಇವರ ಕಡೆ ತಿರುಗಿಯೂ ನೋಡದೆ ಹೋದರು.

ಇನ್‌ಸ್ಪೆಕ್ಟರು ತೊಡೆಯ ಮೇಲಿದ್ದ ಟೋಪಿಯನ್ನು ನೋಡಿಕೊಂಡರು. ಅದು ಇದ್ದಲ್ಲೇ ಇತ್ತು. "ಪಾಸ್," ಎಂದರು.

ಮೈದಾನಕ್ಕೆ ವಾಪಸಾದ ಮೇಲೆ ಕೆರಿಯಮ್ಮ ಇಳಿದು, ಈ ಕಡೆ ಸುತ್ತಿ ಬಂದು, ಬಗ್ಗಿ, ಬಾತುಕೋಳಿಯನ್ನು ಕೈಯಿಂದ ಮನಸ್ಸು ತುಂಬುವಷ್ಟು ಸಲ ಕೂಗಿಸಿದರು. ಸಾಲಿನಲ್ಲಿ ನಿಂತಿದ್ದವರೆಲ್ಲ ನೋಡಿದರು. ಜಯಪ್ಪನವರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟೇ: "ಆನಂದಪುರದವ್ರಿಗೆ ಬೆಳಿಗ್ಗೆನೇ ಬ್ಯಾಡ ಅಂದೆ." ಕೆರಿಯಮ್ಮ ಫೋನಿಟ್ಟು ಬಾತುಕೋಳಿಯನ್ನು ಇನ್ನೊಂದು ಸಲ ಕೂಗಿಸಿದರು.

ಲೈಸೆನ್ಸ್ ಕೈಗೆ ಬಂದ ಮೇಲಿನ ಮೊದಲ ಬುಧವಾರ ಬಿಳಿ ಓಮ್ನಿ ಡ್ರೈವಿಂಗ್ ಸ್ಕೂಲಿನ ಮುಂದೆ ಬಂದು ನಿಂತಿತು. ಹಿಂದೆ ತೀರ್ಥಹಳ್ಳಿಗೆ ಹೋಗುವ ಮಿಡಿ ಬಾಟಲಿಗಳು, ಅವುಗಳ ನಡುವೆ ಬಿಳಿ ಬಟ್ಟೆ ಕಟ್ಟಿದ ಅದೇ ಭರಣಿ.

"ಬನ್ನಿ ಮೇಡಂ, ಮೊದಲ್ನೇ ಟ್ರಿಪ್ಪು. ಪಕ್ಕದಲ್ಲಿ ಕೂತ್ಕಳಿ ಸಾಕು."

ಓಮ್ನಿಯಲ್ಲಿ ಎರಡನೇ ಬ್ರೇಕು ಇಲ್ಲ. ಆಶಾ ಕೂತರು. ನಗರ ದಾಟುವವರೆಗೆ ಕಾಲನ್ನು ಗಮನಿಸುತ್ತಲೇ ಇದ್ದರು, ಅದು ಮ್ಯಾಟಿನ ಮೇಲೆ ಸುಮ್ಮನೆ ಬಿದ್ದಿತ್ತು. ಮುಂದೆ ಕವಲೇದುರ್ಗದ ಕಡೆಯ ತಿರುವುಗಳು. ಮೊದಲ ತಿರುವಿಗೆ ಮುಂಚೆ, ಬಹಳ ಮುಂಚೆಯೇ, ಕೆರಿಯಮ್ಮ ಆಕ್ಸಿಲರೇಟರು ಬಿಟ್ಟದ್ದು ಎಂಜಿನ್ನಿನ ಸದ್ದಿನಲ್ಲೇ ಗೊತ್ತಾಯಿತು. ಎರಡನೇ ತಿರುವಿಗೂ ಹಾಗೇ. ಮೂರನೆಯದು ಅವರಿಗೆ ನೆನಪಿಲ್ಲ.

ಎಂಜಿನ್ನು ಆಫಾದ ಸದ್ದಿಗೆ ಆಶಾ ಕಣ್ಣು ಬಿಟ್ಟರು. ಎದುರಿಗೆ ಒಂದು ಅಂಗಡಿಯ ಬೋರ್ಡು, ಮಧ್ಯಾಹ್ನದ ಬಿಸಿಲು. ಕುತ್ತಿಗೆ ಒಂದು ಕಡೆಗೆ ಹಿಡಿದುಕೊಂಡಿತ್ತು, ಕೆನ್ನೆಯ ಮೇಲೆ ಸೀಟ್‌ಬೆಲ್ಟಿನ ಗೆರೆ ಮೂಡಿತ್ತು.

"ಎಲ್ಲಿದ್ದೀವಿ ಕೆರಿಯಮ್ಮ?"

"ತೀರ್ಥಹಳ್ಳಿ." ಕೆರಿಯಮ್ಮ ಹಿಂದಕ್ಕೆ ಕೈ ಚಾಚಿ ಭರಣಿಯ ಬಟ್ಟೆಯನ್ನು ಮುಟ್ಟಿ ನೋಡಿದರು. ಒಣಗಿಯೇ ಇತ್ತು. "ನೀವು ಚೆನ್ನಾಗಿ ನಿದ್ದೆ ಮಾಡಿದ್ರಿ. ಎಬ್ಬಿಸಕ್ಕೆ ಮನಸ್ಸಾಗ್ಲಿಲ್ಲ."